ಲೋಹ ಕೆಟ್ಟಿರಲಿಲ್ಲ, ನನ್ನ ಕೈ ಬಿಸಿಯಿತ್ತು

ವಿಜ್ಞಾನ ಸಂಗ್ರಹಾಲಯದ ನಿರ್ದೇಶಕರ ಪೀಠವನ್ನು ಅಲಂಕರಿಸಿರುವ ಮಾನ್ಯರೇ,

‘ಕೆಟ್ಟ ಲೋಹವನ್ನು ವೇದಿಕೆಗೆ ತಂದ ಅಜಾಗರೂಕತೆ’ಗಾಗಿ ತಾವು ನಮ್ಮ ವಿವರಣೆಗಾರ್ತಿಯನ್ನು ಕೆಲಸದಿಂದ ತೆಗೆದಿದ್ದೀರಿ. ಲೋಹ ಕೆಟ್ಟಿರಲಿಲ್ಲ. ಅಂದಿನ ಪ್ರದರ್ಶನದ ಆಟ ಕೆಡಿಸಿದವನು ನಿರೂಪಕನಾದ ನಾನು. ಇದನ್ನು ತಮ್ಮ ಕೋಣೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲವಾದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಗ್ಯಾಡೊಲಿನಿಯಂ ಒಂದು ವಿರಳ ಭೂಲೋಹ. ತಣ್ಣಗಿದ್ದರೆ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುತ್ತದೆ. ಇಪ್ಪತ್ತು ಡಿಗ್ರಿ ದಾಟಿತೋ, ಪರಿಚಯವೇ ಇಲ್ಲದಂತೆ ಜಾರಿ ಬೀಳುತ್ತದೆ. ಮೊದಲು ಅಂಟಿಸಿ, ಆಮೇಲೆ ಬಿಸಿಮಾಡಿ ಬೀಳಿಸುವುದೇ ನಮ್ಮ ಆಟ. ಆಕೆ ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತಂದಿದ್ದಳು. ತೆರೆಯ ಹಿಂದೆ ನನ್ನ ಕೈಗೆ ಇಕ್ಕಳ ಕೊಟ್ಟಳು.

“ಇದರಲ್ಲೇ ಹಿಡ್ಕೊಳ್ಳಿ ಅಣ್ಣ. ಮೊದ್ಲು ಅಂಟ್ಸಿ, ಮಾತು ಆಮೇಲೆ.”

“ಇಕ್ಕಳ ಹಿಡ್ಕೊಂಡು ಡೈಲಾಗ್ ಹೊಡೆಯೋಕೆ ನಾನೇನು ಅಡುಗೆಭಟ್ಟನಾ ತಾಯಿ?”

“ನಿಮ್ಮ ಕೈ ಬಿಸಿ ಸಾಕು, ಅದು ಮುಖ ತಿರುಗಿಸ್ಕೊಳ್ಳತ್ತೆ. ಚಪ್ಪಾಳೆ ಬಿದ್ರೆ ನೀವು ನಿಲ್ಸಲ್ಲ, ನಂಗೊತ್ತು.”

“ಒಂದೇ ಮಾತು ಕಣಮ್ಮ.”

ಒಂದೇ ಮಾತು! ಬರಿಗೈಯಲ್ಲಿ ಲೋಹವನ್ನೆತ್ತಿ, “ಭೂಗರ್ಭದಲ್ಲಿ ಮಲಗಿದ ಮಹಾವೀರನೇ, ಏಳು” ಎಂದೆ. ಮುಂದಿನ ಸಾಲಿನಲ್ಲಿ ತಾವು ಚಪ್ಪಾಳೆ ತಟ್ಟಿದಿರಿ. ಪಕ್ಕದಲ್ಲಿದ್ದ ಮುಖ್ಯ ಅತಿಥಿಗಳೂ ತಟ್ಟಿದರು. ನಾಟಕದ ಹಲಗೆಯ ಮೇಲೆ ಬೆಳೆದವನಿಗೆ ಇನ್ನೇನು ಬೇಕು? ಮುಷ್ಟಿ ಬಿಗಿದು ಭೂಮಿ ಆಕಾಶ ಒಂದು ಮಾಡಿದೆ. ಕೊನೆಗೆ ಅಯಸ್ಕಾಂತಕ್ಕೆ ಹಚ್ಚಿದರೆ ಮಹಾವೀರ ಠಣ್ಣೆಂದು ನೆಲಕ್ಕೆ. ಅತಿಥಿಗಳು ನಕ್ಕರು. ಆಕೆ ಡಬ್ಬಿ ಹಿಡಿದು ಓಡಿಬಂದು, “ತಣ್ಣಗೆ ಮಾಡಿ ತೋರಿಸ್ತೀನಿ ಸರ್, ಸ್ವಲ್ಪ ಇರಿ” ಎಂದಳು. ತಾವಾಗಲೇ ಎದ್ದಿದ್ದಿರಿ.

ವಿಚಾರಣೆಯಲ್ಲಿ ತಾವು ಕೇಳಿದ್ದು, “ಏನ್ರೀ, ಸಾಮಾನು ಕೆಟ್ಟಿತ್ತಾ?” ನಾನು ಅಂದದ್ದು, “ಅದು ಅವರ ವಿಭಾಗ ಸಾರ್, ನಾನು ಬರೀ ಮಾತಿನವನು.” ಆಕೆ ನನ್ನ ಮುಖ ನೋಡಿದಳು. ಇಕ್ಕಳದ ಸುದ್ದಿ ಎತ್ತಲಿಲ್ಲ. ಅಣ್ಣನೇ ಹೇಳುತ್ತಾನೆಂದು ಕಾದಳೋ ಏನೋ.

ಅಂದು ಆಕೆ ಸ್ಪಿನ್ ಅಲೆಯನ್ನೂ ವಿವರಿಸಬೇಕಿತ್ತು, ಅವಕಾಶ ಸಿಗಲಿಲ್ಲ. ಆಕೆಯ ಪಾಲಿನ ಮಾತನ್ನು ನಾನೇ ಆಡುತ್ತೇನೆ. ಲೋಹದೊಳಗಿನ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತ. ಎಲ್ಲವೂ ಒಂದೇ ದಿಕ್ಕಿಗೆ ನಿಂತಿರುತ್ತವೆ. ಬಿಸಿ ತಾಗಿದರೆ ಅವುಗಳಲ್ಲೊಂದು ತುಸು ಓರೆಯಾಗಿ ಬುಗುರಿಯಂತೆ ತೂಗುತ್ತದೆ. ಅದರ ಸಂಗಡ ಪಕ್ಕದ್ದು, ಮತ್ತೆ ಅದರ ಪಕ್ಕದ್ದು. ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಓರೆ ಮಾತ್ರ ಅಲೆಯಾಗಿ ಸಾಗುತ್ತದೆ, ಅದೇ ಸ್ಪಿನ್ ಅಲೆ. ಅಲೆಗಳು ಹೆಚ್ಚಿದಷ್ಟೂ ಲೋಹದ ಹಿಡಿತ ಸಡಿಲ.

ಇದನ್ನು ನೋಡಲು ತಮಗೆ ಪ್ರಯೋಗಾಲಯ ಬೇಕೆ? ತಮ್ಮ ಕಚೇರಿ ಸಾಲದೆ? ನಾನು ಓರೆಯಾದೆ. ಉಗ್ರಾಣದವರು “ಇರಬಹುದು” ಎಂದರು. ವಿಭಾಗದ ಮುಖ್ಯಸ್ಥರು “ಹಾಗಂತಾರೆ” ಎಂದರು. ತಾವು ಸಹಿ ಹಾಕಿದಿರಿ. ಕುರ್ಚಿ ಬಿಟ್ಟೆದ್ದು ಡಬ್ಬಿ ತೆರೆದು ನೋಡಿದವರು ಯಾರೂ ಇಲ್ಲ. ದೊಡ್ಡ ಸುಳ್ಳನ್ನೂ ಯಾರೂ ಹೇಳಲಿಲ್ಲ. ಮೊದಲ ಓರೆ ಮಾತ್ರ ನನ್ನದು, ಅದು ನನಗೆ ಊಟ ಸೇರಗೊಡುತ್ತಿಲ್ಲ.

ನಿನ್ನೆ ಆಕೆಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದ ಅತ್ತೆ, “ಬನ್ನಿ, ನಿಮ್ಮ ದನಿ ಬೀದಿ ಕೊನೆಯಿಂದ್ಲೇ ಕೇಳ್ತಿತ್ತು. ಆಫೀಸಲ್ಲಿ ಮಾತ್ರ ಯಾರಿಗೂ ಕೇಳ್ಲಿಲ್ವಂತೆ” ಎಂದರು. ಒಳಗಿನಿಂದ ಆಕೆ, “ಕೂತ್ಕೊಳ್ಳೋಕೆ ಹೇಳಿ ಅತ್ತೆ” ಎಂದಳು. ನನಗೆ ಕೂರಲಾಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಅದೇ ಸಭಾಂಗಣ, ಅದೇ ಅತಿಥಿಗಳು, ಆಕೆಯ ಕೈಯಲ್ಲಿ ಇಕ್ಕಳ. ನಾನು ಮೂಲೆಯಲ್ಲಿ ಬಾಯಿ ಮುಚ್ಚಿ ನಿಲ್ಲುತ್ತೇನೆ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಆ ಲೋಹವನ್ನು ಒಮ್ಮೆ ತಮ್ಮ ಮುಷ್ಟಿಯಲ್ಲೇ ಹಿಡಿದು ನೋಡಿ. ಮಂಜುಗಡ್ಡೆಗೆ ಮರಳಿದರೆ ಲೋಹ ತಾನಾಗಿ ಮತ್ತೆ ಅಂಟುತ್ತದೆ. ಆಕೆಯನ್ನು ಮಾತ್ರ ಯಾರಾದರೂ ಹೋಗಿ ಕರೆಯಬೇಕು. ಯಾರನ್ನಾದರೂ ತೆಗೆಯಲೇಬೇಕೆಂದರೆ ನನ್ನನ್ನು ತೆಗೆಯಿರಿ. ಕಾರಣವನ್ನು ಈ ಸಲ ಸರಿಯಾಗಿ ಬರೆಯಿರಿ: ಬಿಸಿ ಕೈ, ತಣ್ಣನೆಯ ಬಾಯಿ.

ಇಂತಿ,
ತಮ್ಮ ಚಪ್ಪಾಳೆಗೆ ಮರುಳಾಗಿ ಇಕ್ಕಳ ಬೇಡವೆಂದ
ನಿರೂಪಕ