ಬೆಡ್‌ಶೀಟಿನ ಹಿಂದೆ ಹೋದವಳು

ಭಾನುವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಪಕ್ಕದ ಕೋಣೆಯಲ್ಲಿ ಮಲಗಿರುವ ಅಮ್ಮನಿಗೆ,

ಒಂದೇ ಸೂರಿನ ಕೆಳಗಿದ್ದುಕೊಂಡು ಪತ್ರ ಬರೆಯುವ ಗತಿ ಬಂತಲ್ಲ, ನೋಡು. ಗುರುವಾರದಿಂದ ನೀನು ನನ್ನೊಡನೆ ಮಾತು ಬಿಟ್ಟಿದ್ದೀಯ. ತಟ್ಟೆಗೆ ಬಡಿಸುತ್ತೀಯ, ಒಣಗಿದ ಬಟ್ಟೆ ಮಡಚಿ ನನ್ನ ಮಂಚದ ಮೇಲಿಡುತ್ತೀಯ, ಬಾಯಿ ಮಾತ್ರ ಬಿಡುವುದಿಲ್ಲ. ಇನ್ನೊಂದಿಷ್ಟು ಬೇಕಾ ಅಂತ ಕೇಳುವುದಿದ್ದರೂ ಗೋಡೆಯನ್ನು ಕೇಳುತ್ತೀಯ. ಗೋಡೆ ಪಾಪ, ಏನು ಹೇಳೀತು? ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಇದನ್ನು ನಿನ್ನ ಊಟದ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ ಇಡುತ್ತೇನೆ. ಹಸಿವಾದಾಗಲಾದರೂ ಓದುತ್ತೀಯ.

ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದ್ದೀಯ. ಬಾಗಿಲು ಅರ್ಧ ತೆರೆದಿದೆ. ನಿನ್ನ ಉಸಿರು ಇಲ್ಲಿಗೆ ಕೇಳಿಸುತ್ತಿದೆ, ಕಿಟಕಿಯ ಪರದೆ ಅದಕ್ಕೇ ತಾಳ ಹಾಕುತ್ತಿದೆಯೇನೋ ಅನ್ನಿಸುತ್ತಿದೆ. ಇಂಥ ಹೊತ್ತಿನಲ್ಲಿ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಆದರೂ ಪ್ರಯತ್ನ ಮಾಡುತ್ತೇನೆ.

ಹೆತ್ತ ಮಗಳೇ ಬೇಹುಗಾರಿಕೆಗೆ ಬಂದಳು ಅಂತ ಆಸ್ಪತ್ರೆಯಲ್ಲಿ ಹೇಳಿಕೊಂಡೆಯಂತೆ. ಬೇಹುಗಾರಿಕೆಗೆ ಒಂದಿಷ್ಟು ಬುದ್ಧಿ ಬೇಕಮ್ಮ. ನಾನು ಆ ಸುಧಾರಣಾ ತಂಡಕ್ಕೆ ಸೇರಿದ್ದು ಹೇಗೆ ಅಂತ ನೀನು ಕೇಳಲೇ ಇಲ್ಲ, ಈಗ ಕೇಳು. ಪ್ರತಿ ತಂಡದಲ್ಲೂ ಕೆಲಸಕ್ಕೆ ಹೊಸದಾಗಿ ಸೇರಿದವರೊಬ್ಬರು ಇರಲೇಬೇಕು ಅಂತ ಅವರ ನಿಯಮ. ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರಿಗಿಂತ ಹೊಸಬಳು ನಾನು. ಗುರುತಿನ ಚೀಟಿಯ ಮೇಲಿನ ನನ್ನ ಫೋಟೋ ಇನ್ನೂ ಮಾಸಿಲ್ಲ. ಅಷ್ಟೇ ನನ್ನ ಅರ್ಹತೆ.

ಮೊದಲ ಸಭೆಯಲ್ಲಿ ಮೇಜಿನ ತುದಿಯಲ್ಲಿ ಕುಳಿತು, ಕೊಟ್ಟ ಪೆನ್ಸಿಲಿನಿಂದ ಬೆಕ್ಕಿನ ಮುಖ ಬರೆಯುತ್ತಿದ್ದೆ. ಹಿರಿಯ ಸಿಸ್ಟರ್, ಸ್ಟೋರಿನ ಅಧಿಕಾರಿ, ನಮ್ಮ ಲಾಂಡ್ರಿ ಮೇಸ್ತ್ರಿ, ಎಲ್ಲರೂ ಒಂದೇ ವಿಷಯ ಜಗಿಯುತ್ತಿದ್ದರು. ನಾವು ಒಗೆದು ಕಳಿಸುವ ಬೆಡ್‌ಶೀಟುಗಳು ಎಲ್ಲ ಮಂಚಗಳಿಗೂ ಸಾಕಾಗಬೇಕು. ಆದರೆ ದಿನಾ ಬೆಳಿಗ್ಗೆ ಯಾವುದೋ ವಾರ್ಡಿನಲ್ಲಿ ಶೀಟಿಲ್ಲ ಅಂತ ಕೂಗು. ವರ್ಷವರ್ಷವೂ ಹೊಸದು ಕೊಳ್ಳುತ್ತಾರೆ, ಅವೂ ಮಾಯ. ಎಲ್ಲರ ಮಾತು ಮುಗಿದ ಮೇಲೆ ತಂಡದ ಮುಖ್ಯಸ್ಥೆ ನನ್ನ ಕಡೆ ತಿರುಗಿದರು. ಮಾತುಮಾತಿಗೆ ಯಾಕೆ ಅಂತ ಕೇಳುತ್ತಾರೆ ಅಂತ ಅವರಿಗೆ ನಾವು ಯಾಕೆ ಮೇಡಂ ಅಂತಲೇ ಹೆಸರಿಟ್ಟಿದ್ದೇವೆ. ನಿಮಗೇನು ಅನ್ನಿಸುತ್ತೆ ಅಂದರು. ಎಲ್ಲಾ ಸರಿಯಾಗಿದೆ ಮೇಡಂ ಅಂದೆ. ಕೋಣೆಗೆ ಕೋಣೆಯೇ ನಕ್ಕಿತು. ಅವರು ನಗಲಿಲ್ಲ. ಇನ್ನು ಸ್ವಲ್ಪ ದಿನ ಹೋದರೆ ನಮ್ಮ ಹಾಗೆ ನಿಮಗೂ ಏನೂ ಕಾಣಿಸೋದಿಲ್ಲ, ಕಾಣಿಸೋ ಕಾಲದಲ್ಲೇ ನೋಡಿಬಿಡಿ ಅಂದರು.

ಆಮೇಲೆ ಒಂದು ಬೆಡ್‌ಶೀಟು ಕೈಗೆ ಕೊಟ್ಟರು. ಇದರ ಮೂಲೆಗೆ ನೀಲಿ ದಾರದಲ್ಲಿ ಒಂದು ಹೊಲಿಗೆ ಹಾಕಿ, ಇದು ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಹೋಗಿ, ಇದು ನಿಂತಲ್ಲಿ ನಿಲ್ಲಿ, ಮಂಗಳವಾರದ ಸಭೆಯಲ್ಲಿ ಎಲ್ಲಿ ನಿಂತಿತು ಅಂತ ಹೇಳಿ ಅಂದರು. ಅಷ್ಟೇ ಕೆಲಸ. ಸಂಬಳ ಕೊಟ್ಟು ಬೆಡ್‌ಶೀಟಿನ ಬಾಲ ಹಿಡಿಸುತ್ತಾರಲ್ಲ ಅಂತ ನನಗೇ ನಗು.

ಆದರೆ ಅಮ್ಮ, ಆ ದಿನಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ? ಒಗೆಯುವ ಯಂತ್ರದ ದುಂಡು ಗಾಜಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ನೊರೆಯಲ್ಲಿ ನೀಲಿ ದಾರ ಒಮ್ಮೆ ಕಾಣಿಸುವುದು, ಒಮ್ಮೆ ಮುಳುಗುವುದು. ನೋಡುತ್ತಾ ನೋಡುತ್ತಾ ಕಣ್ಣು ಎಳೆಯುತ್ತಿತ್ತು. ಒಣಗಿಸುವ ಅಂಗಳದಲ್ಲಿ ಸಾಲುಸಾಲು ಬಿಳಿ ಬಟ್ಟೆಯ ನಡುವೆ ದಾರಿ ತಪ್ಪಿದೆ. ಯಾವ ಕಡೆ ತಿರುಗಿದರೂ ಬಿಳುಪು, ಮೇಲೆ ಒಂದು ತುಂಡು ಆಕಾಶ, ಆಚೆ ಸಾಲಿನಲ್ಲಿ ಯಾರದೋ ಕಾಲುಗಳು ಮಾತ್ರ. ನಾನು ಇನ್ನೂ ಹುಟ್ಟಿಲ್ಲವೇನೋ, ಇಲ್ಲೇ ಎಲ್ಲೋ ಕಾಯುತ್ತಿದ್ದೇನೆ ಅನ್ನಿಸಿತು. ಇಸ್ತ್ರಿ ಯಂತ್ರದ ಹಬೆಯಲ್ಲಿ ಹೆಂಗಸರ ಮುಖ ಕಾಣುತ್ತಿರಲಿಲ್ಲ, ಕೈಗಳಷ್ಟೇ ಬಂದು ಹೋಗುತ್ತಿದ್ದವು. ಶೀಟು ಬೆಚ್ಚಗೆ ಹೊರಗೆ ಬಂದಾಗ ಯಾರೂ ನೋಡುತ್ತಿಲ್ಲ ಅಂತ ಕೆನ್ನೆ ಇಟ್ಟೆ. ನಮ್ಮ ಮೇಸ್ತ್ರಿ ನೋಡಿದರು. ಇದೂ ಸುಧಾರಣೆಯೇನಮ್ಮ ಅಂತ ಕೇಳಿದರು.

ತಳ್ಳುಗಾಡಿಯ ಹಿಂದೆ ನಡೆದು, ಲಿಫ್ಟಿನಲ್ಲಿ ಏರಿ, ಶೀಟು ನನ್ನನ್ನು ನಿನ್ನ ವಾರ್ಡಿಗೇ ಕರೆತಂದಿತು. ಕಿಟಕಿಯ ಪಕ್ಕದ ಮಂಚಕ್ಕೆ ನೀನೇ ಹಾಸಿದೆ, ಒಂದು ಸುಕ್ಕಿಲ್ಲದ ಹಾಗೆ. ಆಪರೇಷನ್ ಆದ ಹೆಂಗಸೊಬ್ಬರನ್ನು ತಂದು ಅದರ ಮೇಲೆ ಮಲಗಿಸಿದರು. ನೀನು ಆಚೆ ಹೋದಾಗ ಆಕೆ ನಿದ್ದೆಯಲ್ಲೇ, ಬಾಗಿಲು ಹಾಕಬೇಡಿ, ಬೆಕ್ಕು ಹೊರಗಿದೆ ಅಂತ ಕನವರಿಸಿದರು. ಬೆಕ್ಕು ಒಳಗೆ ಬಂತು, ಮಲಗಿ ಅಂದೆ. ಅವರ ಮುಖ ಸಡಿಲವಾಯಿತು. ಅವರು ಮನೆಗೆ ಹೋದ ಮೇಲೆ ಶೀಟು ಮತ್ತೆ ಒಗೆಯಲು ಇಳಿಯಿತು, ನಾನೂ ಇಳಿದೆ. ಆ ಬೆಕ್ಕು ಅದರಲ್ಲೇ ಉಳಿದಿರಬಹುದು ಅಂತ ನೊರೆಯೊಳಗೆ ಹುಡುಕಿದೆ. ನಗಬೇಡ. ನಿನ್ನ ಮಗಳು ಚಿಕ್ಕಂದಿನಿಂದಲೂ ಹೀಗೇ.

ಗುರುವಾರ ಶೀಟು ಮತ್ತೆ ನಿನ್ನ ವಾರ್ಡಿಗೆ ಬಂತು. ಈ ಸಲ ಮಂಚಕ್ಕೆ ಹೋಗಲಿಲ್ಲ. ನೀನು ಅದನ್ನು ಇನ್ನೂ ಕೆಲವುಗಳ ಜೊತೆ ಕಂಕುಳಿಗೆ ಸೇರಿಸಿಕೊಂಡು, ವಾರ್ಡಿನ ಹಿಂದೆ ಮುರಿದ ಮಂಚಗಳನ್ನು ಇಟ್ಟಿರುವ ಕೋಣೆಗೆ ಹೋದೆ. ನಿಲ್ಲು ಅಂತ ನನ್ನ ಕಾಲಿಗೆ ಹೇಳಿದೆ, ಕಾಲು ಕೇಳಲಿಲ್ಲ. ಅಲ್ಲಿದ್ದ ಬೀರುವಿನ ಬಾಗಿಲು ತೆರೆದಿತ್ತು. ಕೆಳಗಿನಿಂದ ಮೇಲಿನವರೆಗೆ ಬೆಡ್‌ಶೀಟು, ಅಂಚಿಗೆ ಅಂಚು ಕೂಡಿಸಿ ಜೋಡಿಸಿದ್ದು. ಕೋಣೆಯೆಲ್ಲ ಸೋಪಿನ ವಾಸನೆ. ನೀನು ತಿರುಗಿ ನೋಡಿ, ನೀನಾ, ಅಂದೆ. ಬಾಗಿಲು ಹಾಕಿ ಬೀಗ ಜಡಿದೆ. ಅದೇ ನೀನು ನನ್ನ ಜೊತೆ ಆಡಿದ ಕೊನೆಯ ಮಾತು.

ಶೀಟು ನಿಂತಲ್ಲಿ ನಿಲ್ಲಬೇಕು ಅಂತ ಹೇಳಿದ್ದರಲ್ಲ. ಬೆಪ್ಪಿಯ ಹಾಗೆ ಹೊರಗಿನ ಬೆಂಚಿನ ಮೇಲೆ ಕುಳಿತೆ. ಎದುರಿಗೆ ಪಕ್ಕದ ವಾರ್ಡಿನ ಬಾಗಿಲು. ಬಾಗಿಲ ಹತ್ತಿರದ ಮಂಚದಲ್ಲಿ ಒಬ್ಬರು ಮುದುಕರು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿದ್ದರು. ಮಗ್ಗುಲು ಬದಲಿಸಿದಾಗ ಬೆನ್ನಿನ ಚರ್ಮ ರೆಕ್ಸಿನ್ ಬಿಟ್ಟು ಏಳುವ ಶಬ್ದ ಕೇಳಿಸಿತು.

ಆ ಶಬ್ದ ನಿನಗೆ ಗೊತ್ತು. ನನಗೂ ಗೊತ್ತು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಅಪ್ಪನನ್ನು ಇದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗಿಸಿದ್ದಾಗ ನಾನು ಮಂಚದ ಕಾಲಿಗೆ ಒರಗಿ ಕೂರುತ್ತಿದ್ದೆ. ಶೀಟು ಕೊಡಿ ಅಂತ ನೀನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಕೊನೆಗೆ ನಿನ್ನ ಶಾಲು ಹಾಸಿದೆ. ಅದು ಬೆನ್ನಿಗೆ ಬಂದರೆ ಸೊಂಟಕ್ಕೆ ಬರುತ್ತಿರಲಿಲ್ಲ, ನೀನು ಎಳೆಯುತ್ತಲೇ ಇದ್ದೆ. ಅಪ್ಪ ಹೋದ ಮೇಲೆ ಅದೇ ಆಸ್ಪತ್ರೆಗೆ ಆಯಾ ಆಗಿ ಸೇರಿದೆಯಲ್ಲ, ಹೇಗೆ ತಡ್ಕೊಳ್ತಾಳೋ ಅಂತ ಜನ ಆಡಿಕೊಂಡರು. ಹೇಗೆ ಅಂತ ನನಗೆ ಬೀರು ನೋಡಿದ ಮೇಲೆ ಗೊತ್ತಾಯಿತು. ನಿನ್ನ ವಾರ್ಡಿನಲ್ಲಿ ಇಲ್ಲಿಯವರೆಗೂ ಯಾರೂ ಬರೀ ಹಾಸಿಗೆಯ ಮೇಲೆ ಮಲಗಿಲ್ಲ. ಒಂದು ಶೀಟೂ ನಮ್ಮ ಮನೆಗೆ ಬಂದಿಲ್ಲ, ನಾವು ತೇಪೆ ಹಾಕಿದ್ದರ ಮೇಲೇ ಮಲಗುತ್ತೇವೆ. ಅದು ಕಳ್ಳತನ ಅಂತ ಯಾರಾದರೂ ಅಂದರೆ ಅವರ ಮುಖದ ನೀರಿಳಿಸುತ್ತೇನೆ.

ಆದರೆ ಆ ಮುದುಕರ ಬೆನ್ನಿಗೂ ನೀಲಿ ದಾರಕ್ಕೂ ನಡುವೆ ಇದ್ದದ್ದು ಒಂದು ಗೋಡೆ ಅಮ್ಮ. ಆ ವಾರ್ಡಿನ ಆಯಾ, ನಿಮ್ಮಮ್ಮನ ಪುಣ್ಯ, ಅವರಿಗೆ ಯಾವಾಗಲೂ ಸಿಗುತ್ತೆ, ನಮಗೇ ಬರೋದಿಲ್ಲ ಅಂದರು. ನಾನು ತಲೆ ತಗ್ಗಿಸಿದೆ. ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿನ್ನೆ ಒಂದು ಕನಸು ಬಿತ್ತು. ಕಾರಿಡಾರಿನಲ್ಲಿ ಶೀಟು ಮುಂದೆ, ನಾನು ಹಿಂದೆ. ಅದಕ್ಕೆ ಕಾಲಿರಲಿಲ್ಲ, ಆದರೂ ಅವಸರವಿತ್ತು. ತುದಿಯಲ್ಲಿ ಅಪ್ಪನ ಮಂಚ. ಅಪ್ಪ ಒಂದು ಮಗ್ಗುಲಾಗಿ ಬೆನ್ನು ಎತ್ತಿಕೊಂಡು ಜಾಗ ಮಾಡಿದ್ದರು, ಶೀಟು ಬರುತ್ತದೆ ಅಂತ. ಇನ್ನೇನು ತಲುಪಬೇಕು, ಅಷ್ಟರಲ್ಲಿ ಅದು ಎಡಕ್ಕೆ ತಿರುಗಿ ನಿನ್ನ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಅಪ್ಪ ಹಾಗೇ ಬೆನ್ನು ಎತ್ತಿಕೊಂಡೇ ಇದ್ದರು.

ಮಂಗಳವಾರ ಸಭೆ. ಶೀಟು ಎಲ್ಲಿ ನಿಂತಿತು ಅಂತ ಕೇಳುತ್ತಾರೆ. ಯಾರು ಅನ್ನೋದು ಬೇಡ, ಯಾಕೆ ಅನ್ನೋದು ಸಾಕು ಅಂತ ಮೇಡಂ ಮೊದಲೇ ಹೇಳಿದ್ದಾರೆ. ಅವರನ್ನು ನಂಬುತ್ತೇನೆ. ಸ್ಟೋರಿನ ಅಧಿಕಾರಿಯನ್ನು ನಂಬುವುದಿಲ್ಲ. ಅವರಿಗೆ ಯಾರದಾದರೂ ತಲೆದಂಡ ಬೇಕಾಗಿದೆ. ನಿನ್ನ ಬೀರು ಅಂತ ಬಾಯಿ ಬಿಟ್ಟರೆ ನಿನ್ನ ಕೆಲಸ ಹೋಗಬಹುದು. ದಾರ ಕಿತ್ತುಹೋಯಿತು, ಗುರುತು ಸಿಗಲಿಲ್ಲ ಅಂತ ಹೇಳಿದರೆ ಎಲ್ಲರೂ ನಂಬುತ್ತಾರೆ, ಹೊಸಬಳು ತಾನೇ. ಕನ್ನಡಿಯ ಮುಂದೆ ನಿಂತು ಆ ಸುಳ್ಳು ಅಭ್ಯಾಸ ಮಾಡಿದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದರೆ ನನಗೇ ಭಯವಾಯಿತು.

ನಾನು ಸುಳ್ಳು ಹೇಳುವುದಿಲ್ಲ. ನಿನ್ನನ್ನು ಬಿಟ್ಟುಕೊಡಲೂ ಆರೆ. ನಿನ್ನ ಕೆಲಸ ಹೋದರೆ ನನ್ನದನ್ನೂ ಬಿಟ್ಟುಬಿಡುತ್ತೇನೆ. ಇವೆರಡರ ನಡುವೆ ಏನಾದರೂ ದಾರಿ ಇದ್ದರೆ ಅದು ನಿನಗೆ ಗೊತ್ತಿರಬೇಕು, ನನಗೆ ತೋಚುತ್ತಿಲ್ಲ.

ನೀನು ಬೈದರೂ ಸರಿ, ಮಾತಾಡು ಅಂತ ಕಾದಿರುವ,
ನಿನ್ನ ಮಗಳು

ತಾ.ಕ.: ಬರೆಯುತ್ತಾ ಸಂಜೆಯಾಗಿಬಿಟ್ಟಿತು. ಈಗ ನೀನು ನೀರು ಕುಡಿಯಲು ಎದ್ದು ಬಂದೆ. ನಾನು ಕಾಗದದ ಮೇಲೆ ಕೈ ಇಟ್ಟು ಮುಚ್ಚಿದೆ. ಏನಾದರೂ ಅನ್ನುತ್ತೀಯೇನೋ ಅಂದುಕೊಂಡೆ. ಕತ್ತಲೆಯಲ್ಲಿ ಬರೆದರೆ ಕಣ್ಣು ಹಾಳಾಗುತ್ತೆ ಅಂತ ನೀನು ಗೋಡೆಗೆ ಹೇಳಿ, ದೀಪ ಹಾಕಿ ಹೋದೆ.

*

ಸೋಮವಾರ, ಸಂಜೆ
ನಿನ್ನ ಕಾಗದದ ಬೆನ್ನ ಮೇಲೆಯೇ

ನನ್ನ ಬೆಪ್ಪಿಗೆ,

ನಿನ್ನ ಕಾಗದ ಓದುತ್ತಾ ಕುಳಿತು ಊಟ ತಣ್ಣಗಾಯಿತು. ಮೊದಲು ಅದಕ್ಕೆ ಬೈಗುಳ. ಕೆಲಸ ಬಿಡುತ್ತೇನೆ ಅಂದದ್ದಕ್ಕೆ ಇನ್ನೊಂದು. ನಿನ್ನ ಹಾಗೆ ಬಣ್ಣ ಕಟ್ಟಿ ಬರೆಯಲು ನನಗೆ ಬರುವುದಿಲ್ಲ, ಆದದ್ದನ್ನು ಹೇಳುತ್ತೇನೆ.

ಆ ಶಬ್ದದ ಸಾಲಿಗೆ ಬಂದು ನಿಂತೆ. ಆಗ ಮುಂದಕ್ಕೆ ಓದಲು ಆಗಲಿಲ್ಲ. ಡಬ್ಬಿ ಮುಚ್ಚಿ ಪಕ್ಕದ ವಾರ್ಡಿಗೆ ಹೋದೆ. ಇಷ್ಟು ವರ್ಷದಲ್ಲಿ ಆ ಬಾಗಿಲು ದಾಟಿ ಒಳಗೆ ಹೋಗಿ ನಿಂತಿರಲಿಲ್ಲ, ನಮ್ಮ ವಾರ್ಡು ಚೆನ್ನಾಗಿದ್ದರೆ ಸಾಕು ಅಂತ ಇದ್ದವಳು. ಮುದುಕರ ಪಕ್ಕ ನಿಂತುಕೊಂಡೆ. ಅವರು ಮಗ್ಗುಲು ಬದಲಿಸಿದರು. ಕೇಳಿಸಿತು.

ಬಂದು ಬೀರು ತೆಗೆದು ನೀಲಿ ದಾರ ಹುಡುಕಿದೆ. ತೆಗೆದುಕೊಂಡು ಹೋಗಿ ಅವರನ್ನು ಒಂದು ಮಗ್ಗುಲಿಗೆ ಸರಿಸಿ ಹಾಸಿದೆ. ಬೆಚ್ಚಗಿದೆ ಅಂದರು. ಬೀರುವಿನಲ್ಲಿ ಇದ್ದದ್ದು, ಬೆಚ್ಚಗೆಲ್ಲಿಂದ ಇರಬೇಕು. ಹೌದು ಅಂದೆ. ನಿಮ್ಮಪ್ಪನಿಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಬಾಯಿಗೆ ಬಂದವು, ಅವರ ಕಾಲಿನ ಹತ್ತಿರ ಸುಕ್ಕು ಸರಿಮಾಡಿ ಬಂದುಬಿಟ್ಟೆ.

ನಾಳೆ ಯಾರ ಹೆಸರನ್ನೂ ಹೇಳಬೇಡ. ಸುಳ್ಳೂ ಬೇಡ. ಶೀಟು ಎಲ್ಲಿ ನಿಂತಿತು ಅಂತ ಕೇಳಿದರೆ, ಗೊತ್ತಿರೋರು ಹೊರಗಡೆ ಇದ್ದಾರೆ, ಕರೀಲಾ ಅಂತ ಕೇಳು. ನಾನು ಬಾಗಿಲ ಹತ್ತಿರವೇ ಇರುತ್ತೇನೆ. ಸ್ಟೋರಿನವರು ಏನು ಬೇಕಾದರೂ ಅಂದುಕೊಳ್ಳಲಿ. ಯಾಕೆ ಅಂತ ಕೇಳುವವರೊಬ್ಬರು ಅಲ್ಲಿದ್ದಾರೆ ಅಂದೆಯಲ್ಲ. ನನ್ನನ್ನು ಇಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಬೇಹುಗಾರಿಕೆ ಅಂದದ್ದು ತಪ್ಪಾಯಿತು. ಬೆಳಿಗ್ಗೆ ಎಬ್ಬಿಸುತ್ತೇನೆ, ಬಾಯಿಬಿಟ್ಟು ಕೂಗಿಯೇ.

ಇಂತಿ,
ಗೋಡೆಯ ಜೊತೆ ಮಾತು ಬಿಟ್ಟಿರುವ ನಿನ್ನ ಅಮ್ಮ

ತಾ.ಕ.: ನಿನ್ನ ಕ್ಯಾರಿಯರ್‌ನ ಮೇಲಿನ ಡಬ್ಬಿಯನ್ನು ನಾಳೆ ಬಸ್ಸಿನಲ್ಲಿ ಅಲುಗಾಡಿಸಬೇಡ, ಸದ್ದಾಗುತ್ತದೆ. ನನ್ನ ಬೀರುವಿನ ಕೀಲಿ ಅದರಲ್ಲಿದೆ. ನನಗೆ ಒಂದು ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ನಿನಗೆ ಗೊತ್ತಲ್ಲ, ಪಕ್ಕದ ವಾರ್ಡಿನ ಆಯಾಗೂ ನಿನ್ನ ಕಾಗದ ಓದಿಸಿದೆ. ಓದಿ ಮುಗಿಸಿ ಸೊಂಟದಿಂದ ಒಂದು ಕೀಲಿ ಬಿಚ್ಚಿ ನನ್ನ ಕೈಗಿಟ್ಟಳು. ಅವಳದೂ ಒಂದು ಬೀರು ಇದೆಯಂತೆ, ದೊಡ್ಡ ಡಾಕ್ಟರು ಬರೋ ದಿನಕ್ಕೆ ಅಂತ ತುಂಬಿಟ್ಟಿದ್ದಾಳಂತೆ. ಸಂಜೆಯಾಗುವಷ್ಟರಲ್ಲಿ ಮೇಲಿನ ಮಹಡಿಯಿಂದಲೂ ಕೀಲಿಗಳು ಬಂದವು, ಹೆರಿಗೆ ವಾರ್ಡಿನಿಂದಲೂ ಬಂದವು. ಎಲ್ಲ ಆ ಡಬ್ಬಿಯಲ್ಲೇ ಕಲಸಿಹೋಗಿವೆ, ಯಾವುದು ಯಾರದು ಅಂತ ನನಗೇ ಗೊತ್ತಾಗುತ್ತಿಲ್ಲ. ಸಭೆಯ ಮೇಜಿನ ಮೇಲೆ ಸುರಿದುಬಿಡು. ನಿನ್ನ ಊಟ ಕೆಳಗಿನ ಡಬ್ಬಿಯಲ್ಲಿರುತ್ತದೆ.