ಕೊಡದ ರಾಜೀನಾಮೆ

ಚೆಂಬೂರು, ಮುಂಬಯಿ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಗ ಸುಹಾಸನಿಗೆ,

ಇದನ್ನು ಬರೆಯುತ್ತಿರುವವಳು ನಿನ್ನ ತಾಯಿ ಶೀಲಾವತಿ, ಈ ಮನೆಯ ಹಿರಿಯಳು. ಗೊತ್ತಿರುವುದನ್ನೇ ಯಾಕೆ ಬರೆಯುತ್ತಾಳೆ ಎನ್ನಬೇಡ. ಫೋನಿನಲ್ಲಿ ನೀನು ಅದನ್ನು ಮರೆತು ನನ್ನ ಮಾತಿಗೆ ಅಡ್ಡ ಬಾಯಿ ಹಾಕುತ್ತೀ. ನಾನು ಹೈಸ್ಕೂಲು ಮುಗಿಸಿದವಳು, ನಿನ್ನ ಅಪ್ಪ ತೀರಿಕೊಂಡ ಮೇಲೆ ಹೋಟೆಲಿನ ಗಲ್ಲಾದಲ್ಲಿ ಕೂತವಳು. ಈ ಕಾಲೊನಿಯಲ್ಲಿ ನೀರಿನ ಜಗಳವಾಗಲಿ, ಹೆಣ್ಣು ನೋಡುವುದಾಗಲಿ, ನನ್ನನ್ನು ಕೇಳದೆ ಮುಂದೆ ಹೋಗುವುದಿಲ್ಲ. ಮಸ್ಕತ್ತಿನ ಬಿಸಿಲಿಗೆ ನಿನ್ನ ತಲೆನೋವು ಹೇಗಿದೆ? ಬಿಪಿ ಮಾತ್ರೆ ತಪ್ಪಿಸಬೇಡ. ಹೋಟೆಲಿನ ಮ್ಯಾನೇಜರ್ ಆದವನು ಗಿರಾಕಿಗಳೆಲ್ಲ ಉಂಡು ಏಳುವ ತನಕ ಹಸಿದಿರಬೇಕು ಎಂದು ಯಾರೂ ಹೇಳಿಲ್ಲ. ನನ್ನ ಮಂಡಿ ಈ ಮಳೆಗೆ ಹಟ ಹಿಡಿದಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ.

ಈಗ ನಿನ್ನ ಹೆಂಡತಿಯ ವಿಷಯ. ನಿನಗೆ ಗೊತ್ತಿರುವುದು ಅರ್ಧ. ಹರಿಣಿ ಮದುವೆಯಾಗಿ ಬಂದ ವರ್ಷ ಸೇರಿದ ಆ ಪವಾಯಿಯ ಕಂಪನಿ, ಅವಳ ತಲೆ ನರೆಯುವ ತನಕ ದುಡಿಸಿಕೊಂಡು, ಇನ್ನು ಲೆಕ್ಕಪತ್ರದ ವಿಭಾಗವೇ ಬೇಡ ಎಂದಿತು. ಅಷ್ಟೇ ಆಗಿದ್ದರೆ ಸರಿ. ನೀವಾಗಿಯೇ ಬಿಟ್ಟಂತೆ ರಾಜೀನಾಮೆ ಬರೆದುಕೊಡಿ, ಮೂರು ತಿಂಗಳ ಸಂಬಳ ಕೊಡುತ್ತೇವೆ ಎಂದರು. ಹಾಗೆ ಬರೆದುಕೊಟ್ಟರೆ ಅಷ್ಟು ವರ್ಷದ ಸೇವೆಗೆ ಅವರು ಕೊಡಬೇಕಾದ ಪರಿಹಾರ ಹೋಯಿತು, ನಮ್ಮ ಆಸ್ಪತ್ರೆಯ ವಿಮೆಯೂ ಹೋಯಿತು. ಅವಳು ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಹೋಗಿ, ಅವರು ಕೊಟ್ಟ ಚಹಾ ಕುಡಿದು, ಬಿಸ್ಕತ್ತನ್ನೂ ತಿಂದು, ಸಹಿ ಹಾಕದೆ ಬಂದಳು. "ನಾನು ಬಿಡ್ಲಿಲ್ಲ, ನೀವು ಬಿಡಿಸಿದ್ದು. ಹಾಗೆಯೇ ಬರೆಯಿರಿ ಎಂದು ಹೇಳಿ ಬಂದೆ ಅತ್ತೆ" ಎಂದು ಚಪ್ಪಲಿ ಬಿಡುತ್ತಾ ಹೇಳಿದಳು. ಮತ್ತೆ ಮೀನು ತೊಳೆಯಲು ಕೂತಳು. ಹೋಟೆಲಿನಲ್ಲಿ ಎಂತೆಂಥ ಗಟ್ಟಿಗರನ್ನು ಕಂಡಿದ್ದೇನೆ, ಇಷ್ಟು ತಣ್ಣಗೆ ಇದ್ದವರನ್ನು ಕಂಡಿಲ್ಲ.

ಹೋದ ತಿಂಗಳು ಅವಳು ಗಿರಣಿಗೆ ಅಕ್ಕಿಹಿಟ್ಟು ಮಾಡಿಸಲು ಹೋಗಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ಕಂಪನಿಯ ದೊಡ್ಡ ಆಫೀಸರು, ಲಖನೌ ಕಡೆಯವನು, ಬಾಯಲ್ಲಿ ಬೆಣ್ಣೆ. "ಮಾಜೀ, ಮೇಡಂ ಸೇ ಕಹಿಯೇ ರಾಜೀನಾಮಾ ಕರ್ ಲೇಂ, ಬಾತ್ ಖತಮ್" ಎಂದ. ಮೇಡಂಗೆ ರಾಜೀನಾಮಾ ಮಾಡಿಕೊಳ್ಳಲು ಹೇಳಿ, ಮಾತು ಮುಗಿಯಿತು ಅಂತೆ. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಹೇಳಿ ಬಂದ ಮೇಲೂ ಮತ್ತೆ ರಾಜೀನಾಮೆಯೇ! ನನ್ನ ಹಿಂದಿ ನಿನಗೆ ಗೊತ್ತಲ್ಲ. "ಹಮಾರಾ ಬಹೂ ರಾಜೀನಾಮಾ ನಹೀಂ ದೇಗಾ. ಕಭೀ ನಹೀಂ ದೇಗಾ!" ಎಂದೆ, ನಮ್ಮ ಸೊಸೆ ಎಂದಿಗೂ ಕೊಡುವುದಿಲ್ಲ ಎಂದು. ಅವನು ಗಾಬರಿಯಾಗಿ, "ತೋ ಕ್ಯಾ ಕೋರ್ಟ್ ಜಾಯೇಂಗೇ?" ಎಂದ. "ಕೋರ್ಟ್ ತೋ ಕೋರ್ಟ್!" ಎಂದು ಫೋನ್ ಇಟ್ಟೆ.

ಹರಿಣಿ ಬಂದು ಕೇಳಿದವಳೇ ಹಿಟ್ಟಿನ ಡಬ್ಬ ಕೆಳಗಿಟ್ಟು ನಕ್ಕಳು. "ಅಯ್ಯೋ ಅತ್ತೆ, ನಮ್ಮ ಕನ್ನಡದಲ್ಲಿ, ಇಲ್ಲಿಯ ಮರಾಠಿಯಲ್ಲಿ ಅದು ಕೆಲಸ ಬಿಡುದು. ಅವರ ಹಿಂದಿಯಲ್ಲಿ ರಾಜೀನಾಮಾ ಅಂದ್ರೆ ರಾಜಿ ಮಾಡಿಕೊಳ್ಳುದು. ಕೆಲಸ ಬಿಡುದಕ್ಕೆ ಅವರು ಇಸ್ತೀಫಾ ಹೇಳ್ತಾರೆ. ಪಾಪ, ಅವ ರಾಜಿಗೇ ಬಂದದ್ದು!" ನಾನು ಬಾಗಿಲಿಗೆ ಬಂದ ರಾಜಿಯನ್ನು ಅಟ್ಟಿದ್ದೆ. ಮುದುಕಿಗೆ ಭಾಷೆ ಬರುವುದಿಲ್ಲ, ಕ್ಷಮಿಸಿ ಎಂದು ಅವಳು ಹೇಳಿದ್ದರೆ ಮುಗಿಯುತ್ತಿತ್ತು. ನಾನೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ನನ್ನ ಎದುರೇ ಫೋನ್ ಮಾಡಿದಳು. "ಮಾಜೀ ನೇ ಜೋ ಕಹಾ, ವೋ ಹಮಾರೇ ಘರ್ ಕೀ ಬಾತ್ ಹೈ. ಅಬ್ ಆಪ್ ಬೋಲಿಯೇ" ಎಂದಳು. ಅತ್ತೆ ಹೇಳಿದ್ದೇ ನಮ್ಮ ಮನೆಯ ಮಾತು, ಈಗ ನೀವು ಹೇಳಿ ಎಂದು. ಅಷ್ಟೇ. ಕೋರ್ಟಿಗೆ ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಆಚೆಯವನು ಮಾತಾಡುತ್ತಲೇ ಹೋದ, ಇವಳು ಸೆರಗಿಗೆ ಹತ್ತಿದ ಹಿಟ್ಟು ಕೊಡವುತ್ತಾ ಕೇಳಿದಳು. ಕೊನೆಗೆ ವಿಭಾಗ ಮುಚ್ಚಿ ತಾವೇ ತೆಗೆದದ್ದೆಂದು ಕಾಗದದಲ್ಲಿ ಬರೆದರು. ದುಡಿದ ವರ್ಷಗಳಿಗೆ ತಕ್ಕ ಪರಿಹಾರ ಬ್ಯಾಂಕಿಗೆ ಬಂತು. ಮನೆಯವರ ವಿಮೆ ಬರುವ ವರ್ಷದ ತನಕ ಇರುತ್ತದೆ. ಹೊರಗಿನವರ ಮುಂದೆ ನನ್ನನ್ನು ಸಣ್ಣವಳು ಮಾಡದೆ ಅವಳು ಇಷ್ಟನ್ನು ಮಾಡಿದಳು. ಅವಳ ಎದುರು ನಾನು ಹೊಗಳಿಲ್ಲ, ನನಗೆ ಅದು ಬರುವುದಿಲ್ಲ. ನೀನು ಹೊಗಳು.

ಪಕ್ಕದ ಮನೆಯ ಅಮಿತ ಬುಧವಾರ ಮಸ್ಕತ್ತಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಮತ್ತು ಮಿಡಿ ಉಪ್ಪಿನಕಾಯಿ. ದೇವರು ನಿನಗೆ ಆಯುಸ್ಸು ಕೊಡಲಿ, ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ನಿನ್ನ ಅಮ್ಮ,
ಶೀಲಾವತಿ

ಮತ್ತೊಂದು: ನಾಲ್ಕು ಜನರ ಎದುರು ಅವಳೇ ಕೆಲಸ ಬಿಟ್ಟಳೆಂದೇ ಹೇಳಬೇಕು, ಮರ್ಯಾದೆಯ ಪ್ರಶ್ನೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಿನ್ನೆ ನಮ್ಮ ಕಾಲೊನಿಯ ಕಸ್ತೂರಿಬಾಯಿಯ ಮನೆಯಲ್ಲಿ ಭಜನೆ ಮುಗಿದು ಎಲ್ಲರೂ ಚಹಾಕ್ಕೆ ಕೂತಾಗ, "ಹರಿಣಿ ಕೆಲ್ಸ ಬಿಟ್ಳಂತೆ, ಹೌದಾ?" ಎಂದು ಕಸ್ತೂರಿಬಾಯಿಯೇ ಕೇಳಿದರು. ಹರಿಣಿ ತಲೆ ತಗ್ಗಿಸಿದಳು. ನಾನು ಎದ್ದು ನಿಂತು, ಬಾಗಿಲಲ್ಲಿದ್ದವರಿಗೂ ಕೇಳುವಂತೆ, "ಬಿಡ್ಲಿಲ್ಲ, ಬಿಡಿಸಿದ್ದು. ಅದನ್ನು ಅವರ ಕೈಯಲ್ಲೇ ಬರೆಸಿ, ಬರಬೇಕಾದ್ದನ್ನೆಲ್ಲ ವಸೂಲು ಮಾಡಿ ಬಂದಿದ್ದಾಳೆ ನನ್ನ ಸೊಸೆ" ಎಂದೆ. ನಿನಗೂ ಫೋನ್ ಬರಬಹುದು. ಹೀಗೆಯೇ ಹೇಳು.