ಒಂದೇ ಕಡೆ ಹರಿಯುವ ನೀರು

ಬೆಂಗಳೂರು, 30 ಫೆಬ್ರವರಿ 2187

ನನಗಿಂತ ನೂರಾರು ವರ್ಷ ಹಿಂದೆ ಹುಟ್ಟಿಯೂ ವಯಸ್ಸಿನಲ್ಲಿ ಚಿಕ್ಕವಳಾದ, ಹಾಸ್ಟೆಲಿನ ತಂಗಿಗೆ,

ತಾರೀಖು ನೋಡಿ ನಗಬೇಡ. ನಾವು ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ್ದೇವೆ. ಮನುಷ್ಯರನ್ನು ಇನ್ನೂ ಮಾಡಿಲ್ಲ. ಇಲ್ಲಿಯ ಕೆಲವು ಮಾತು ನಿನಗೆ ಹೊಸದೆನಿಸಿದರೆ ಕ್ಷಮಿಸು. ಸಂಗತಿ ಮಾತ್ರ ಹಳೆಯದೇ.

ನಮ್ಮ ಊರಿಗೆ ಹೊರಗಿನ ನೀರು ಬರುವುದು ನಿಂತು ಎಪ್ಪತ್ತು ವರ್ಷವಾಯಿತು. ಮನೆಮನೆಗೂ ಒಂದು ಮರುತೊಟ್ಟಿ ಇದೆ. ಬಚ್ಚಲಿನದು, ಬೆವರಿನದು, ಬಟ್ಟೆ ಒಗೆದದ್ದು, ಎಲ್ಲ ನೀರನ್ನೂ ಸೋಸಿ ಕಾಯಿಸಿ ಮತ್ತೆ ಕುಡಿಯಲು ಕೊಡುವ ತೊಟ್ಟಿ ಅದು. ನಮ್ಮಲ್ಲಿ ಮದುವೆಗೆ ತಾಳಿಯಿಲ್ಲ, ಮಂತ್ರವಿಲ್ಲ. ಊರಡಿ ಹಾಸಿದ ಕೊಳವೆಗೆ ಹುಡುಗ ಹುಡುಗಿ ಗುಂಡಿಗಿಳಿದು ಕೈಯಾರೆ ಪೈಪು ಜೋಡಿಸಿ, ಎರಡು ಮನೆಯ ತೊಟ್ಟಿಗಳನ್ನು ಒಂದು ಮಾಡಬೇಕು. ನೀರುಕೂಡಿಕೆ ಎನ್ನುತ್ತೇವೆ.

ಸುಧನ್ವ ಮತ್ತು ನಾನು ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಒಂದೇ ಬೆಂಚು. ನನ್ನ ಬಾಟಲಿಯ ಅರ್ಧ ನೀರು ಅವನೇ ಕುಡಿಯುತ್ತಿದ್ದ. "ಹೊಂಬಾಳೇ, ನಿಮ್ಮನೆ ನೀರು ಸಿಹಿ ಕಣೇ" ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಸಾರುತ್ತಿದ್ದ. ನಮ್ಮಿಬ್ಬರ ನೀರುಕೂಡಿಕೆ ನಿಶ್ಚಯವಾದಾಗ ಅಜ್ಜಿ ಮಾತ್ರ ಕೇಳಿದಳು: "ಅವ್ರು ಯಾವ್ ಜನ ಅಂತ ಕೇಳ್ದ್ಯಾ ಮಗಾ?" ನಾನು ಉರಿದುಬಿದ್ದೆ. ಜಾತಿ ಎಂಬ ಪದವನ್ನು ಕಾನೂನಿನಿಂದಲೂ ಪುಸ್ತಕಗಳಿಂದಲೂ ಅಳಿಸಿ ಅರವತ್ತು ವರ್ಷವಾಗಿದೆ. ಅಳಿಸಿ ಎಂದು ಮೆರವಣಿಗೆ ಹೋದವರಲ್ಲಿ ಅಜ್ಜಿಯೂ ಒಬ್ಬಳು. ಪದ ಹೋದರೆ ಪೀಡೆ ಹೋದೀತೆಂದು ನಮ್ಮವರೇ ನಂಬಿದ್ದರು.

ಕೂಡಿಕೆಯ ದಿನ ಬೆಳಿಗ್ಗೆ ಸುಧನ್ವ ನಮ್ಮ ಮನೆ ಮುಂದಿನ ಗುಂಡಿಗಿಳಿದ. ಅವನ ಅಮ್ಮ ಮೇಲಿನಿಂದ ಬಗ್ಗಿ, ಕರ್ಚೀಫಿನಲ್ಲಿ ಸುತ್ತಿದ್ದ ಹಿತ್ತಾಳೆ ವಾಲ್ವೊಂದನ್ನು ಅವನ ಕೈಗಿತ್ತರು. ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್. ಅವರ ನೀರು ನಮ್ಮ ಮನೆಗೆ ಬರುತ್ತದೆ. ನಮ್ಮದು ಅವರ ಮನೆಗೆ ಹೋಗದು.

"ಏನೋ ಇದು?"

"ಸಣ್ಣ ವಾಲ್ವ್ ಕಣೇ, ಅಮ್ಮನ ಸಮಾಧಾನಕ್ಕೆ. ಮಣ್ಣು ಮುಚ್ಚಿದ್ಮೇಲೆ ಯಾರಿಗ್ ಕಾಣತ್ತೆ?"

"ನಂಗ್ ಗೊತ್ತಿರತ್ತಲ್ಲೋ."

ಅವನು ತಲೆ ಎತ್ತಲಿಲ್ಲ. ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. ಅವನ ಅಮ್ಮ ಬಹಳ ಮೃದುವಾಗಿ, "ಬೇಜಾರ್ ಮಾಡ್ಕೋಬೇಡಮ್ಮ. ನಿನ್ನ ನೀರು ಅಂತಲ್ಲ, ನಿಮ್ಮ ಹಿರಿಯರದ್ದು" ಎಂದರು.

ನಮ್ಮ ಹಿರಿಯರು ನಿನ್ನ ಕಾಲದಲ್ಲಿ ಇಂಥವೇ ಗುಂಡಿಗಳಿಗಿಳಿದು ಊರಿನ ಹೇಲು ಬಾಚಿದವರು. ಊರು ಶುದ್ಧವಾಯಿತು, ಅವರು ಆಗಲಿಲ್ಲ. ನಾನೂ ಇಳಿದೆ. ನಮ್ಮ ಕಡೆಯ ಪೈಪನ್ನು ಕಿತ್ತು ಹಾಕಿದೆ. ಸುಧನ್ವ ಅಮ್ಮನ ಹಿಂದೆ ಹೊರಟುಹೋದ. ಓಡಿಹೋಗಿ ಅವನ ಅಂಗಿ ಹಿಡಿದೆಳೆಯಬೇಕೆನಿಸಿತು, ಸುಳ್ಳು ಹೇಳುವುದಿಲ್ಲ.

ಮಾರನೆಯ ದಿನ ಊರಿನ ನೀರು ಕಚೇರಿಗೆ ದೂರು ಕೊಡಲು ಹೋದೆ. ಗುಮಾಸ್ತ ಕೆಟ್ಟವನಲ್ಲ. ಪೆನ್ನು ಹಿಡಿದು ಕೂತ. "ಏನಂತ ಬರ್ಕೊಳ್ಳಲಮ್ಮ? ನೀನು ಹೇಳೋ ತಪ್ಪಿಗೆ ಹೆಸರೇ ಇಲ್ವಲ್ಲ. ಮನೆಯವರ ಅಭಿರುಚಿ ಅಂತ ಹಾಕ್ಲಾ?"

ತಂಗೀ, ನಿನ್ನ ಕಾಲೇಜಿಗೂ ಯಾರಾದರೂ ಬರುತ್ತಾರೆ. ಈಗೆಲ್ಲಿದೆ ಜಾತಿ, ಆ ಪದ ತೆಗೆದುಬಿಡೋಣ, ಸಹಿ ಹಾಕು ಎನ್ನುತ್ತಾರೆ. ಹಾಗೆನ್ನುವವನು ನೀನು ಪ್ರೀತಿಸುವ ಹುಡುಗನೇ ಆಗಿರಬಹುದು. ಹಾಕಬೇಡ. ರೋಗ ಇರುವ ತನಕ ರೋಗದ ಹೆಸರೂ ಇರಲಿ. ಗುಮಾಸ್ತನಿಂದ ಇಸಿದುಕೊಂಡು ಬಂದ ದೂರಿನ ಕಾಗದ ಇಲ್ಲೇ ಮೇಜಿನ ಮೇಲಿದೆ. ಸುಧನ್ವನ ಹೆಸರು ಬರೆದಿದ್ದೇನೆ. ಅವನು ಮಾಡಿದ್ದಕ್ಕೆ ಹೆಸರು ಬರೆಯಲು ಆಗಿಲ್ಲ.

ಹೊಂಬಾಳೆ